ಬಸಪ್ಪ ಒಬ್ಬನೋ, ಇಬ್ಬರೋ? ವಂಶಾವಳಿಯ ಹುಡುಕಾಟ ನಿಂತುಹೋದಾಗ

ಪ್ರಶ್ನೆ: ನಮ್ಮ ಮನೆತನ ಹರಿಹರ ತಾಲ್ಲೂಕಿನ ಒಂದು ಹಳ್ಳಿಯದು. ಮೂಲ ರೋಣದ ಕಡೆಯಂತೆ. ‘ಈಶ್ವರ ಬರದಲ್ಲಿ ಬಸಪ್ಪಜ್ಜ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಹೊಳೆ ದಾಟಿ ಬಂದ’ ಎಂಬ ಮಾತು ಮನೆಯಲ್ಲಿದೆ. ಬಸಪ್ಪ ನನ್ನ ಅಜ್ಜನ ತಂದೆ. 1889ರ ಭೋಗ್ಯ ಪತ್ರದ (ಸಾಲಕ್ಕೆ ಹೊಲ ಬಿಟ್ಟುಕೊಟ್ಟ ಪತ್ರ) ನಕಲೊಂದರಲ್ಲಿ ‘ಬಸಪ್ಪ ಬಿನ್ ಈರಪ್ಪ’ (ಈರಪ್ಪನ ಮಗ ಬಸಪ್ಪ) ಎಂದಿದೆ, 1934ರ ಜಮೀನು ಕಾಗದದಲ್ಲಿ ‘ಬಸಪ್ಪ ಬಿನ್ ಚನ್ನಪ್ಪ’ ಎಂದಿದೆ. ಅಜ್ಜನ ಹುಟ್ಟಿದ ದಿನ ಶಾಲೆಯ ದಾಖಲೆಯಲ್ಲಿ 1-6-1914. ಹಳೆಯ ಜಾತಕದ ಚೀಟಿಯಲ್ಲಿ ‘ರಾಕ್ಷಸ ಸಂವತ್ಸರ, ಮಾಘ ಶುದ್ಧ’. ತಾಲ್ಲೂಕು ಕಚೇರಿಯವರು ‘ದಾಖಲೆ ಲಭ್ಯವಿಲ್ಲ’ ಎಂದು ಹಿಂಬರಹ ಕೊಟ್ಟಿದ್ದಾರೆ. ಈ ನಡುವೆ ದಾಯಾದಿಯೊಬ್ಬರು ಅಂತರ್ಜಾಲದಲ್ಲಿ ಸಿಕ್ಕ ಒಂಬತ್ತು ತಲೆಮಾರಿನ ವಂಶವೃಕ್ಷಕ್ಕೆ ನಮ್ಮ ಈರಪ್ಪನನ್ನು ಜೋಡಿಸಿಬಿಟ್ಟಿದ್ದಾರೆ. ಎರಡು ವರ್ಷದಿಂದ ಈರಪ್ಪನಿಂದ ಹಿಂದಕ್ಕೆ ಹೋಗಲು ಆಗುತ್ತಿಲ್ಲ. ಏನು ಮಾಡಲಿ?

ಉತ್ತರ: ಈರಪ್ಪನ ತಂದೆ ಯಾರೆಂದು ಹುಡುಕುವುದನ್ನು ಸದ್ಯಕ್ಕೆ ನಿಲ್ಲಿಸಿ. ನಿಮ್ಮ ದಾರಿ ಕಟ್ಟಿರುವುದು ಈರಪ್ಪನ ಹತ್ತಿರ ಅಲ್ಲ, ಒಂದು ಮೆಟ್ಟಿಲು ಕೆಳಗೆ, ಬಸಪ್ಪನ ಹತ್ತಿರ. ನಿಮ್ಮ ಅಜ್ಜನ ತಂದೆ ಬಸಪ್ಪನಿಗೆ ಈರಪ್ಪ ತಂದೆ ಹೌದೋ ಅಲ್ಲವೋ ಎಂಬುದೇ ಇನ್ನೂ ತೀರ್ಮಾನವಾಗಿಲ್ಲ. ‘ದಾಖಲೆ ಸಿಗುತ್ತಿಲ್ಲ’ ಎಂದು ಜನ ಕೈಚೆಲ್ಲುವ ಕಡೆಯಲ್ಲೆಲ್ಲ ಮೊದಲು ನೋಡಬೇಕಾದದ್ದು ಇದನ್ನೇ: ಒಂದೆರಡು ತಲೆಮಾರು ಈಚೆಗೆ ಎಲ್ಲೋ ತಪ್ಪು ಕವಲು ಹಿಡಿದಿರುತ್ತೇವೆ, ಆಮೇಲೆ ಇಲ್ಲದ ಮನುಷ್ಯನನ್ನು ಹುಡುಕುತ್ತಾ ಅಲೆಯುತ್ತೇವೆ.

ಅಜ್ಜನ ಹುಟ್ಟಿದ ದಿನದಿಂದ ಶುರುಮಾಡೋಣ, ಮುಂದಿನ ಲೆಕ್ಕವೆಲ್ಲ ಅದರ ಮೇಲೆ ನಿಲ್ಲುತ್ತದೆ. 1-6-1914 ಎಂಬ ತಾರೀಖು ನೋಡಿದ ಕೂಡಲೇ ಅನುಮಾನ ಬರಬೇಕು. ಜೂನ್ ಒಂದು ಅಂದರೆ ಮೇಷ್ಟ್ರು ಕೊಟ್ಟ ಹುಟ್ಟುಹಬ್ಬ. ಶಾಲೆ ಶುರುವಾಗುವ ಹೊತ್ತಿಗೆ ಹುಡುಗನಿಗೆ ವಯಸ್ಸು ತುಂಬಿರಬೇಕು, ಅಪ್ಪನಿಗೆ ಇಸವಿ ಗೊತ್ತಿಲ್ಲ, ಮೇಷ್ಟ್ರು ಅಂದಾಜು ಹಾಕಿ ಬರೆದರು. ಅಣ್ಣನ ಜೊತೆ ತಮ್ಮನನ್ನೂ ಶಾಲೆಗೆ ತಳ್ಳುವ ಮನೆಗಳಲ್ಲಿ ತಮ್ಮನಿಗೆ ಒಂದೆರಡು ವರ್ಷ ಸುಮ್ಮನೆ ಕೂಡುತ್ತಿತ್ತು.

ಇನ್ನು ಜಾತಕ. ರಾಕ್ಷಸ ಸಂವತ್ಸರ 60 ವರ್ಷಕ್ಕೊಮ್ಮೆ ಬರುತ್ತದೆ: 1855-56, 1915-16, 1975-76. ಅಜ್ಜನಿಗೆ ಹೊಂದುವುದು ನಡುವಿನದು, ಶಕ 1837. ಇಲ್ಲಿ ಬಹಳ ಜನ ಎಡವುತ್ತಾರೆ. ಶಕಕ್ಕೆ 78 ಕೂಡಿಸಿ 1915 ಎಂದು ಬರೆದುಬಿಡುತ್ತಾರೆ. ಸಂವತ್ಸರ ಶುರುವಾಗುವುದು ಯುಗಾದಿಗೆ, ಮಾಘ ಬರುವುದು ಅದರ ಕೊನೆಯಲ್ಲಿ. ಹಾಗಾಗಿ ಪುಷ್ಯದ ಕಡೆಯ ದಿನಗಳಿಗೂ ಮಾಘ, ಫಾಲ್ಗುಣಕ್ಕೂ 79 ಕೂಡಿಸಬೇಕು. ನಿಮ್ಮ ಅಜ್ಜ ಹುಟ್ಟಿದ್ದು 1916ರ ಫೆಬ್ರವರಿಯಲ್ಲಿ. ಚೀಟಿಯಲ್ಲಿ ತಿಥಿ, ವಾರ, ನಕ್ಷತ್ರ ಮೂರೂ ಇದ್ದರೆ ಹಳೆಯ ಪಂಚಾಂಗದ ಎದುರು ಇಟ್ಟು ನೋಡಿ. ಮೂರೂ ಒಂದೇ ದಿನಕ್ಕೆ ಕೂಡಿಬಂದರೆ ಚೀಟಿ ನಂಬಬಹುದು. ವಾರ ಮಾತ್ರ ತಪ್ಪಿದರೆ ಚೀಟಿಯನ್ನು ಯಾರೋ ನೆನಪಿನಿಂದ ಆಮೇಲೆ ಬರೆದಿರಬಹುದು. ಜಾತಕ ಎಂದ ಮಾತ್ರಕ್ಕೆ ಅದು ದೇವರ ವಾಕ್ಯವಲ್ಲ.

ಈಗ ಬಸಪ್ಪನ ವಯಸ್ಸು. ಮೈಸೂರು ಸೀಮೆಯ ಜನ ಧಾತು-ಈಶ್ವರ ಬರ ಎನ್ನುವುದು 1876-78ರ ದೊಡ್ಡ ಬರಕ್ಕೆ; ಧಾತು 1876-77, ಈಶ್ವರ 1877-78. ಆಗ ‘ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು’ ಬಂದವನು ಕಡಿಮೆಯೆಂದರೂ 1855ರ ಆಚೀಚೆ ಹುಟ್ಟಿರಬೇಕು. ಅವನೇ 1916ರಲ್ಲಿ ನಿಮ್ಮ ಅಜ್ಜನಿಗೆ ತಂದೆಯಾದರೆ ಆಗ ಅವನಿಗೆ ಅರವತ್ತು ದಾಟಿದೆ. 1934ರಲ್ಲಿ ಜಮೀನು ಅವನ ಹೆಸರಿನಲ್ಲೇ ಇದ್ದರೆ ಎಂಬತ್ತು ಹತ್ತಿರ. ಆಗಲಾರದ್ದೇನಲ್ಲ, ಆದರೆ ಇಷ್ಟೂ ಒಟ್ಟಿಗೆ ಆಗಬೇಕು ಎಂದಾಗ ಕೈ ತಡೆಯಬೇಕು.

ಮೂರು ಸಾಧ್ಯತೆ ಕಾಣುತ್ತವೆ. ಒಂದು, ಬಸಪ್ಪ ಇಬ್ಬರು: ಬರದ ಕಾಲದ ಬಸಪ್ಪ ಬಿನ್ ಈರಪ್ಪ, ಅವನ ಮಗ ಚನ್ನಪ್ಪ, ಚನ್ನಪ್ಪನ ಮಗ ಇನ್ನೊಬ್ಬ ಬಸಪ್ಪ. 1850, 1870, 1892, 1916 ಎಂದು ಇಟ್ಟುಕೊಂಡರೆ ತಲೆಮಾರುಗಳು ಸಲೀಸಾಗಿ ಕೂರುತ್ತವೆ. ಅಜ್ಜನ ಹೆಸರು ಮೊಮ್ಮಗನಿಗೆ ಇಡುವ ನಮ್ಮ ರೂಢಿಯಲ್ಲಿ ಮೂರು ತಲೆಮಾರು ಮಡಚಿಕೊಂಡು ಒಂದಾಗಿಬಿಡುವುದು ತೀರಾ ಮಾಮೂಲು. ಎರಡು, ಬಸಪ್ಪ ಒಬ್ಬನೇ, ಆದರೆ ಈರಪ್ಪನಿಗೆ ಹುಟ್ಟಿ ಚನ್ನಪ್ಪನಿಗೆ ದತ್ತು ಹೋದವನು. ದತ್ತಕವಾದ ಮೇಲೆ ‘ಬಿನ್’ ಬದಲಾಗುತ್ತದೆ. ಮೂರು, ಇಬ್ಬರು ಬಸಪ್ಪರಿಗೂ ಸಂಬಂಧವೇ ಇಲ್ಲ, ಒಂದೇ ಊರಿನ ಬೇರೆ ಬೇರೆ ಮನೆಯವರು. 1889ರ ಪತ್ರ ಹೇಗೋ ನಿಮ್ಮ ಕಾಗದದ ಗಂಟಿಗೆ ಸೇರಿದೆ. ಭೋಗ್ಯಕ್ಕೆ ಕೊಟ್ಟವರು ಒಂದು ಮನೆಯವರು, ಹಿಡಿದವರು ಇನ್ನೊಂದು ಮನೆಯವರು. ಪತ್ರ ಉಳಿಯುವುದು ಹಿಡಿದವರ ಪೆಟ್ಟಿಗೆಯಲ್ಲಿ. ಆ ಪತ್ರದಲ್ಲಿ ಬಸಪ್ಪ ಬಿನ್ ಈರಪ್ಪ ಕೊಟ್ಟವನೋ, ಹಿಡಿದವನೋ, ಅಥವಾ ಬರೀ ಸಾಕ್ಷಿಯೋ? ನೀವು ಬರೆದಿಲ್ಲ. ಮೊದಲು ಅದನ್ನೇ ನೋಡಿ.

ಈ ಮೂರನ್ನು ಬೇರ್ಪಡಿಸಲು ಹೊಸ ದಾಖಲೆ ಬೇಕಿಲ್ಲ. ಇರುವುದನ್ನು ಪೂರ್ತಿ ಓದಬೇಕು. ನಿಮ್ಮ ಕೈಲಿರುವುದು ನಕಲು, ಅದೂ ನಕಲಿನ ನಕಲಿರಬಹುದು. ಉಪನೋಂದಣಾಧಿಕಾರಿ ಕಚೇರಿಯಲ್ಲಿ ಸ್ಥಿರಾಸ್ತಿಯ ಪತ್ರಗಳನ್ನು 1ನೇ ಪುಸ್ತಕದಲ್ಲಿ ಇಳಿಸಿರುತ್ತಾರೆ. ಆ ಪುಸ್ತಕವನ್ನು ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು, ದೃಢೀಕೃತ ನಕಲು ಕೇಳಬಹುದು. ನೋಂದಣಿ ಕಾಯ್ದೆಯ 57ನೇ ಕಲಮು ಅದಕ್ಕೆ ಅವಕಾಶ ಕೊಡುತ್ತದೆ. ಪಕ್ಷಕಾರರ ವಿವರ ಬರೆಯುವಲ್ಲಿ ಹಳೆಯ ಪತ್ರಗಳು ಜಾತಿ, ಕಸುಬು, ವಾಸದ ಜೊತೆ ‘ವಯಸ್ಸು ಸುಮಾರು’ ಎಂದು ಒಂದು ಅಂಕಿ ಹೇಳುವುದುಂಟು. ನಿಮ್ಮ ಇಡೀ ಪ್ರಶ್ನೆ ಆ ಒಂದು ಅಂಕಿಯ ಮೇಲೆ ನಿಂತಿದೆ. 1889ರಲ್ಲಿ 40 ಎಂದಿದ್ದರೆ ಅವನು ನಿಮ್ಮ ಅಜ್ಜನ ತಂದೆಯಾಗಿರುವುದು ಕಷ್ಟ. 20 ಎಂದಿದ್ದರೆ ಒಬ್ಬನೇ ಬಸಪ್ಪ ಎಂಬ ವಾದಕ್ಕೆ ಜೀವ ಬರುತ್ತದೆ, ಆದರೆ ಬರದಲ್ಲಿ ಅವನು ಎಂಟು ವರ್ಷದ ಹುಡುಗ. ಹೆಂಡತಿ ಮಕ್ಕಳ ಮಾತು ಅವನ ತಂದೆಯದ್ದಾಗುತ್ತದೆ. ‘ಸುಮಾರು’ ಎಂಬಲ್ಲಿ ಐದು ವರ್ಷ ಆಚೀಚೆ ಇಟ್ಟುಕೊಳ್ಳಿ. ಅಂಕಿಗಳು ಹೆಚ್ಚಾಗಿ 5, 0ಗೆ ಬಂದು ನಿಲ್ಲುತ್ತವೆ.

ಇಸವಿಯನ್ನೂ ಇನ್ನೊಮ್ಮೆ ಓದಿ. ಕೈಬರಹದಲ್ಲಿ ೬ ಮತ್ತು ೯, ೩ ಮತ್ತು ೬ ಒಂದರಂತೊಂದು ಕಾಣುತ್ತವೆ. ‘೧೮೮೯’ ಎಂದು ನೀವು ಓದಿದ್ದು ‘೧೮೮೬’ ಅಥವಾ ‘೧೮೮೩’ ಇರಬಹುದು. ಪತ್ರದ ತಲೆಯಲ್ಲಿ ಸಂವತ್ಸರದ ಹೆಸರೂ ಇದ್ದರೆ ಜಗಳವೇ ಇಲ್ಲ: 1889-90 ವಿರೋಧಿ, 1886-87 ವ್ಯಯ, 1883-84 ಸ್ವಭಾನು.

ಪತ್ರದ ಕೊನೆಗೆ ಬನ್ನಿ. ಬಸಪ್ಪ ರುಜು ಹಾಕಿದ್ದಾನೋ, ಹೆಬ್ಬೆಟ್ಟು ಒತ್ತಿದ್ದಾನೋ, ನೇಗಿಲ ನಿಶಾನೆ ಎಳೆದಿದ್ದಾನೋ? ಓದು ಬಾರದ ಒಕ್ಕಲಿಗರು ನೇಗಿಲಿನ ಗುರುತು ಹಾಕುತ್ತಿದ್ದರು. ಆಗ ನಿಶಾನೆ ಎಳೆದವನು 1934ರಲ್ಲಿ ಕನ್ನಡದಲ್ಲಿ ಸೊಗಸಾಗಿ ರುಜು ಮಾಡಿದ್ದರೆ ಅವರು ಇಬ್ಬರು. ಪುಸ್ತಕಕ್ಕೆ ಇಳಿಸುವಾಗ ಗುಮಾಸ್ತ ‘ಬಸಪ್ಪನ ನಿಶಾನೆ’ ಎಂದು ಅಕ್ಷರದಲ್ಲೇ ಬರೆದಿರುತ್ತಾನೆ, ಆ ಪದವನ್ನು ಹಾರಿಸಿ ಓದಬೇಡಿ.

ಚಕ್ಕುಬಂದಿ, ಅಂದರೆ ಹೊಲದ ನಾಲ್ಕು ಎಲ್ಲೆ, ಅದಕ್ಕಿಂತ ಗಟ್ಟಿ ಸಾಕ್ಷಿ. ಪೂರ್ವಕ್ಕೆ ಯಾರ ಹೊಲ, ಪಶ್ಚಿಮಕ್ಕೆ ಹಳ್ಳವೋ ದಾರಿಯೋ ಎಂದು ಬರೆದಿರುವುದನ್ನು 1934ರ ಕಾಗದದ ಸರ್ವೆ ನಂಬರಿನ ಸುತ್ತಲ ಹಿಡುವಳಿದಾರರ ಜೊತೆ ಹೋಲಿಸಿ. ಹಳ್ಳ, ಕೆರೆ, ಬಂಡಿದಾರಿ ಬದಲಾಗುವುದಿಲ್ಲ. ಪಕ್ಕದ ಹೊಲದವನ ಜಾಗದಲ್ಲಿ ಅವನ ಮಗನ ಹೆಸರು ಬಂದಿರುತ್ತದೆ. ನಾಲ್ಕು ದಿಕ್ಕಿನಲ್ಲಿ ಮೂರು ಹೊಂದಿದರೂ ಅದು ಒಂದೇ ಹೊಲ. ಒಂದೇ ಹೊಲವಾದರೆ ಮೂರನೇ ಸಾಧ್ಯತೆ ಬಹುಮಟ್ಟಿಗೆ ಬಿದ್ದುಹೋಗುತ್ತದೆ. ಪೂರ್ತಿ ಅಲ್ಲ, ನಡುವೆ ಕ್ರಯವಾಗಿರಬಹುದು. ಅದಕ್ಕೆ 1ನೇ ಪುಸ್ತಕದ ಸೂಚಿಯಲ್ಲಿ ಆ ಹೊಲದ ಮೇಲೆ ನಡುವಿನ ವರ್ಷಗಳಲ್ಲಿ ಏನಾದರೂ ಇಳಿದಿದೆಯೇ ನೋಡಿಸಿ.

ಸೂಚಿ ನೋಡುವಾಗ ಹೆಸರಿನ ಕಾಗುಣಿತವೇ ಕಾಲು ಹಿಡಿಯುತ್ತದೆ. ಊರವರ ಬಾಯಲ್ಲಿ ಈರಪ್ಪ, ಶಾನುಭೋಗರ ಲೇಖನಿಯಲ್ಲಿ ವೀರಪ್ಪ. ‘ಈ’ ಮತ್ತು ‘ವೀ’ ಸೂಚಿಯಲ್ಲಿ ಎಷ್ಟೋ ಪುಟ ದೂರ. ಇಂಗ್ಲಿಷಿನಲ್ಲಿ ಬರೆದ ಸೂಚಿಯಾದರೆ ಇನ್ನೂ ಕಷ್ಟ: ಐ, ಇ, ವಿ ಮೂರು ಅಕ್ಷರದ ಕೆಳಗೂ ನೋಡಬೇಕು. ಯಲ್ಲಪ್ಪ-ಎಲ್ಲಪ್ಪ, ಭರಮಪ್ಪ-ಬರಮಪ್ಪ-ಬ್ರಹ್ಮಪ್ಪ ಇವೆಲ್ಲ ಇದೇ ಜಾತಿಯ ತೊಡಕು. ಬಾಲವೂ ಸ್ಥಿರವಲ್ಲ, ಬಸಪ್ಪ, ಬಸಣ್ಣ, ಬಸವಯ್ಯ, ಬಸವನಗೌಡ ಒಬ್ಬನೇ ಇರಬಹುದು, ನಾಲ್ವರೂ ಇರಬಹುದು. ‘ದೊಡ್ಡ’, ‘ಸಣ್ಣ’ ಎಂಬುದು ಹೆಸರಲ್ಲ, ಆ ವರ್ಷ ಊರಿನಲ್ಲಿ ಅದೇ ಹೆಸರಿನ ಇನ್ನೊಬ್ಬ ಇದ್ದ ಎಂಬುದಕ್ಕೆ ಗುರುತು. 1889ರಲ್ಲಿ ‘ಸಣ್ಣ ಬಸಪ್ಪ’ ಆಗಿದ್ದವನು ದೊಡ್ಡವನು ಸತ್ತ ಮೇಲೆ ಬರೀ ಬಸಪ್ಪ ಆಗುತ್ತಾನೆ. 2000ದ ಸುಮಾರಿಗೆ ಕೈಬರಹದ ಪಹಣಿಯನ್ನು ಭೂಮಿ ತಂತ್ರಾಂಶಕ್ಕೆ ಇಳಿಸಿದಾಗ ಸೇರಿದ ತಪ್ಪುಗಳು ಬೇರೆ. ಕಂಪ್ಯೂಟರ್ ಪಹಣಿಯ ಹೆಸರನ್ನು ಹಳೆಯ ಕೈಬರಹದ ಪ್ರತಿಯ ಜೊತೆ ತಾಳೆ ನೋಡದೆ ವಂಶಾವಳಿಗೆ ಸೇರಿಸಬೇಡಿ.

ಹೆಸರಿಡುವ ರೂಢಿಯಿಂದಲೇ ಒಂದು ಪರೀಕ್ಷೆ ಮಾಡಬಹುದು. ಬರದ ಬಸಪ್ಪನ ತಂದೆ ಈರಪ್ಪನಾದರೆ, ಬಸಪ್ಪ ತನ್ನ ಹಿರಿಮಗನಿಗೆ ಈರಪ್ಪ ಎಂದೇ ಹೆಸರಿಟ್ಟಿರುವ ಸಂಭವ ಹೆಚ್ಚು. ಹಾಗಾದರೆ ಚನ್ನಪ್ಪ ಎರಡನೆಯವನು, ಊರಿನ ದಾಖಲೆಯಲ್ಲಿ ‘ಈರಪ್ಪ ಬಿನ್ ಬಸಪ್ಪ’ ಎಂಬ ಅವನ ಅಣ್ಣ ಇರಬೇಕು. ಅವನು ಸಿಕ್ಕರೆ ಇಬ್ಬರು ಬಸಪ್ಪರ ವಾದ ಬಲಗೊಳ್ಳುತ್ತದೆ. ನಿಮ್ಮ ಅಜ್ಜನ ಹೆಸರನ್ನೂ ನೀವು ಹೇಳಿಲ್ಲ. ಅವರೋ ಅವರ ಅಣ್ಣನೋ ಚನ್ನಪ್ಪನಾಗಿದ್ದರೆ ಅದೂ ಅದೇ ಕಡೆ ಬೆರಳು ತೋರುತ್ತದೆ. ಬೆರಳು ತೋರುತ್ತದೆ ಅಷ್ಟೇ. ದೇವರ ಹೆಸರು, ತಾಯಿಯ ತವರಿನ ಹೆಸರು ಇಡುವುದೂ ಉಂಟಲ್ಲ.

ರೂಢಿಗಿಂತ ಗಟ್ಟಿಯಾದದ್ದು ಪಾಲಿನ ಲೆಕ್ಕ. 1934ರ ಹಕ್ಕು ದಾಖಲೆಯಲ್ಲಿ ನಿಮ್ಮ ಬಸಪ್ಪನ ಸಾಲನ್ನು ಮಾತ್ರ ಬರೆದುಕೊಂಡಿದ್ದರೆ ವಾಪಸ್ ಹೋಗಿ ಆ ಸರ್ವೆ ನಂಬರಿನ ಎಲ್ಲ ಹಿಸ್ಸೆಗಳನ್ನೂ (ಪಾಲುಗಳನ್ನೂ) ಬರೆದುಕೊಳ್ಳಿ. ಉದಾಹರಣೆಗೆ ಒಟ್ಟು ವಿಸ್ತೀರ್ಣ 6 ಎಕರೆ 24 ಗುಂಟೆ, ಅದರಲ್ಲಿ ಖರಾಬು (ಸಾಗುವಳಿಗೆ ಬಾರದ ನೆಲ) 8 ಗುಂಟೆ ಎಂದಿಟ್ಟುಕೊಳ್ಳಿ. ಉಳಿದದ್ದು 6-16, ಅಂದರೆ 256 ಗುಂಟೆ. ಒಂದು ಹಿಸ್ಸೆ 3-08, ಇನ್ನೆರಡು ತಲಾ 1-24. ಮೊದಲನೆಯದು 128 ಗುಂಟೆ, ಸರಿಯಾಗಿ ಅರ್ಧ. ಉಳಿದವು 64 ಗುಂಟೆ, ಸರಿಯಾಗಿ ಕಾಲುಕಾಲು. ಇದು ಮೂವರು ಅಣ್ಣತಮ್ಮಂದಿರ ಪಾಲಲ್ಲ. ಇಬ್ಬರು ಅಣ್ಣತಮ್ಮಂದಿರು ಅರ್ಧರ್ಧ ಹಂಚಿಕೊಂಡು, ಒಬ್ಬನ ಅರ್ಧ ಅವನ ಇಬ್ಬರು ಮಕ್ಕಳಿಗೆ ಒಡೆದದ್ದು. ಕಾಲು ಪಾಲಿನ ಇಬ್ಬರೂ ‘ಬಿನ್ ಚನ್ನಪ್ಪ’, ಅರ್ಧ ಪಾಲಿನವನು ‘ಈರಪ್ಪ ಬಿನ್ ಬಸಪ್ಪ’ ಎಂದಿದ್ದರೆ, ಮೇಲಿನ ಬಸಪ್ಪನ ಹೆಸರು ಆ ಪುಟದಲ್ಲಿ ಚನ್ನಪ್ಪನ ತಂದೆಯೆಂದು ಎಲ್ಲೂ ಬರೆಯದಿದ್ದರೂ, ಲೆಕ್ಕವೇ ಅವನನ್ನು ತೋರಿಸಿಕೊಡುತ್ತದೆ. ಖರಾಬು ಕಳೆಯದೆ ಲೆಕ್ಕ ಹಾಕಿದರೆ ಪಾಲು ಕೂಡಿಬರುವುದಿಲ್ಲ. ಎರೆ (ಕಪ್ಪು ನೆಲ) ಮತ್ತು ಮಸಾರಿ (ಕೆಂಪು ನೆಲ) ಎರಡೂ ಇರುವ ಹೊಲವಾದರೆ ವಿಸ್ತೀರ್ಣದ ಬದಲು ಕಂದಾಯ ಸಮವಾಗುವಂತೆ ಹಂಚಿರುತ್ತಾರೆ. ಆಗ ರೂಪಾಯಿ-ಆಣೆ-ಪೈಗಳನ್ನು ಪೈಗೆ ಇಳಿಸಿ (ಆಣೆಗೆ 12 ಪೈ, ರೂಪಾಯಿಗೆ 16 ಆಣೆ) ಅದೇ ಭಾಗಾಕಾರ ಮಾಡಿ.

ಬಸಪ್ಪನ ಹೆಸರಿಗೆ ಖಾತೆ ಹೇಗೆ ಬಂತೆಂದು ಮ್ಯುಟೇಶನ್ ಪುಸ್ತಕ ಹೇಳಬೇಕು: ಪೌತಿಯೋ (ಖಾತೆದಾರ ತೀರಿಕೊಂಡು ವಾರಸಿಗೆ ಬಂದದ್ದು), ವಿಭಾಗವೋ, ಕ್ರಯವೋ. ಪೌತಿ ಎಂದಿದ್ದರೆ ಯಾರು ತೀರಿಕೊಂಡರು ಎಂಬ ಹೆಸರು ಅಲ್ಲೇ ಸಿಗುತ್ತದೆ. ಆದರೆ ಪೌತಿ ಖಾತೆಯ ವರ್ಷವನ್ನು ಸಾವಿನ ವರ್ಷವೆಂದು ಬರೆಯಬೇಡಿ. ಸಾಲ ಬೇಕಾದಾಗಲೋ ಪಾಲಾಗುವಾಗಲೋ ಮಾತ್ರ ಜನ ಖಾತೆ ಬದಲಾಯಿಸುತ್ತಿದ್ದರು. 1918ರ ಇನ್‌ಫ್ಲುಯೆಂಜಾದಲ್ಲಿ ಹೋದವನ ಪೌತಿ ಹದಿನೈದು ವರ್ಷದ ಮೇಲೆ ಆಗಿದ್ದರೆ ಆಶ್ಚರ್ಯವಿಲ್ಲ. ಬಾಂಬೆ ಕಡೆಯ ಉತಾರದಲ್ಲಿ (ಪಹಣಿಯಲ್ಲಿ) ‘ಏಕತ್ರ ಕುಟುಂಬದ ಮ್ಯಾನೇಜರ್’ ಎಂದಿದ್ದರೆ ತಮ್ಮಂದಿರು ಇದ್ದೂ ಹೆಸರಿಲ್ಲದವರು ಎಂದರ್ಥ. ಅವನು ಒಬ್ಬನೇ ಮಗ ಎಂದು ತಿಳಿಯಬಾರದು.

ದತ್ತಕದ ಸಾಧ್ಯತೆಯನ್ನು ಬೇಗ ಮುಗಿಸಬಹುದು. ದತ್ತಕ ಪತ್ರ ನೋಂದಣಿಯಾಗಿದ್ದರೆ ಸಾಮಾನ್ಯವಾಗಿ 4ನೇ ಪುಸ್ತಕದಲ್ಲಿ, ದತ್ತು ತೆಗೆದುಕೊಳ್ಳಲು ಕೊಟ್ಟ ಅಧಿಕಾರ ಪತ್ರ ಮತ್ತು ಮರಣಶಾಸನ 3ನೇ ಪುಸ್ತಕದಲ್ಲಿ ಇರುತ್ತವೆ. ಇವು 1ನೇ ಪುಸ್ತಕದಂತೆ ಎಲ್ಲರಿಗೂ ತೆರೆದಿಲ್ಲ. 4ನೆಯದರ ನಕಲು ಪಕ್ಷಕಾರರಿಗೆ ಮತ್ತು ಅವರ ಮೂಲಕ ಹಕ್ಕು ಹೇಳುವವರಿಗೆ ಸಿಗುತ್ತದೆ. ನೋಂದಣಿಯಿಲ್ಲದ ದತ್ತಕವಾದರೆ ಒಂದು ಸುಳಿವು ಉಳಿದಿರುತ್ತದೆ: ಎರಡು ಮನೆಗೂ ಸೂತಕ ಹೇಗೆ ಬಳಕೆಯಲ್ಲಿದೆ, ಯಾವ ಮನೆಯವರ ಜೊತೆ ಹೆಣ್ಣು ಕೊಟ್ಟು ತರುವುದಿಲ್ಲ ಎಂದು ಹಿರಿಯ ಹೆಂಗಸರನ್ನು ಕೇಳಿ. ಬೆಡಗು (ಕುಲದ ಕವಲು) ಬೇರೆಯಾದರೂ ‘ಅವರಲ್ಲಿ ನಾವು ಸಂಬಂಧ ಬೆಳೆಸುವುದಿಲ್ಲ’ ಎಂಬ ಮಾತು ಬಂದರೆ ಹಿಂದೆ ದತ್ತು ಹೋದ ಕಥೆ ಇರಬಹುದು.

ಹೆಂಗಸರನ್ನು ಕೇಳುವುದಕ್ಕೆ ಇನ್ನೂ ಕಾರಣವಿದೆ. ಗಂಡಸರು ಇಸವಿ ಹೇಳುತ್ತಾರೆ, ತಪ್ಪು ಹೇಳುತ್ತಾರೆ. ‘ಯಾವ ವರ್ಷ?’ ಎಂದು ಕೇಳಬೇಡಿ. ‘ಅವರ ಮದುವೆಯಲ್ಲಿ ತೊಟ್ಟಿಲಲ್ಲಿದ್ದ ಕೂಸು ಯಾವುದು?’ ಎಂದು ಕೇಳಿ. ತೊಟ್ಟಿಲು, ಬಾಣಂತನ, ಯಾರು ಯಾರ ಮಡಿಲು ತುಂಬಿದರು ಎಂಬ ಅನುಕ್ರಮ ದಶಕಗಳ ಮೇಲೂ ಚೆದುರುವುದಿಲ್ಲ. ಸೋದರಮಾವನ ಮದುವೆ, ಅತ್ತೆ ಮಗನ ಮದುವೆ ಬಂದಾಗ ಒಬ್ಬ ವ್ಯಕ್ತಿ ವೃಕ್ಷದಲ್ಲಿ ಎರಡು ಕಡೆ ಕಾಣುತ್ತಾನೆ. ವಂಶವೃಕ್ಷದ ತಂತ್ರಾಂಶ ಅದನ್ನು ತಪ್ಪೆಂದು ಕೆಂಪು ಬಣ್ಣ ತೋರಿಸಿದರೂ ತಿದ್ದಬೇಡಿ. ಅಜ್ಜಿಯ ತಮ್ಮನೇ ಮಾವನಾದದ್ದು ನಮ್ಮಲ್ಲಿ ತಪ್ಪಲ್ಲ.

ಈಗ ‘ಲಭ್ಯವಿಲ್ಲ’ ಹಿಂಬರಹ. ಅರ್ಜಿಯಲ್ಲಿ ‘ನಮ್ಮ ಮುತ್ತಜ್ಜನ ಜಮೀನಿನ ದಾಖಲೆ ಕೊಡಿ’ ಎಂದು ಬರೆದಿದ್ದರೆ ಆ ಉತ್ತರ ಬರುವುದು ಸಹಜ. ರೆಕಾರ್ಡ್ ರೂಮಿನಲ್ಲಿ ಕಾಗದ ಇರುವುದು ಹೆಸರಿನ ಪ್ರಕಾರ ಅಲ್ಲ, ಗ್ರಾಮ, ಸರ್ವೆ ನಂಬರು, ವರ್ಷದ ಪ್ರಕಾರ. ಪ್ರತಿ ದಾಖಲೆಗೂ ಬೇರೆ ಅರ್ಜಿ ಹಾಕಿ: ಇಂಡೆಕ್ಸ್ ಆಫ್ ಲ್ಯಾಂಡ್ಸ್, ಆರ್.ಆರ್. (ಹಕ್ಕು ದಾಖಲೆ), ಮ್ಯುಟೇಶನ್ ಪುಸ್ತಕ, ಹಳೆಯ ಪಹಣಿ. ಆಕಾರಬಂದ್, ಟಿಪ್ಪಣಿ, ಪ್ರತಿ ಬುಕ್ ಎಂಬ ಅಳತೆಯ ದಾಖಲೆಗಳನ್ನು ತಹಶೀಲ್ದಾರರಲ್ಲಿ ಕೇಳಿದರೆ ಸಿಗುವುದಿಲ್ಲ, ಅವು ಭೂಮಾಪನ ಇಲಾಖೆಯ ಸಹಾಯಕ ನಿರ್ದೇಶಕರ ಕಚೇರಿಯವು. ಜೊತೆಗೆ ಈ ಮೂರನ್ನು ಪರೀಕ್ಷಿಸಿ. ಹರಿಹರ ತಾಲ್ಲೂಕು 1997ರವರೆಗೆ ಚಿತ್ರದುರ್ಗ ಜಿಲ್ಲೆಯಲ್ಲಿತ್ತು. ಜಿಲ್ಲಾ ಮಟ್ಟದ ಹಳೆಯ ಕಡತ ದಾವಣಗೆರೆಗೆ ಬರದೆ ಅಲ್ಲೇ ಉಳಿದಿರಬಹುದು. ನಿಮ್ಮ ಹೊಲ ಪಕ್ಕದ ಬೇಚಿರಾಕ್ ಗ್ರಾಮದ ಎಲ್ಲೆಯಲ್ಲಿದ್ದರೆ ಜನವಸತಿಯಿಲ್ಲದ ಆ ಊರಿನ ಹೆಸರಿನಲ್ಲೇ ಪುಸ್ತಕ ಇರುತ್ತದೆ, ನಿಮ್ಮ ಊರಿನ ಹೆಸರಿನಲ್ಲಿ ಹುಡುಕಿದರೆ ಏನೂ ಇಲ್ಲ. ಸರ್ವೆ ನಂಬರು ಮರುಮಾಪನದಲ್ಲಿ ಬದಲಾಗಿರಬಹುದು, ‘ಹಳೇ ನಂಬರು’ ಕೇಳಿ.

ಹಿಂಬರಹದ ಭಾಷೆಯನ್ನೂ ಗಮನಿಸಿ. ‘ಲಭ್ಯವಿಲ್ಲ’ ಬೇರೆ, ‘ನಾಶಪಡಿಸಲಾಗಿದೆ’ ಬೇರೆ. ನಾಶಪಡಿಸಿದ್ದರೆ ಅದಕ್ಕೊಂದು ಪಟ್ಟಿ, ಆದೇಶ ಇರಬೇಕು. ಮಾಹಿತಿ ಹಕ್ಕಿನಲ್ಲಿ ಆ ಪಟ್ಟಿಯ ನಕಲು ಕೇಳಿ, 30 ದಿನದೊಳಗೆ ಉತ್ತರ ಕೊಡಬೇಕು. ಪಟ್ಟಿಯಲ್ಲಿ ನಿಮ್ಮ ಪುಸ್ತಕ ಇಲ್ಲದಿದ್ದರೆ ಅದು ಎಲ್ಲೋ ಕಟ್ಟಿನ ಕೆಳಗೆ ಇದೆ ಎಂದೇ ನಂಬಿ ಮತ್ತೆ ಅರ್ಜಿ ಹಾಕಿ. ಜನಗಣತಿಯ ಮನೆಪಟ್ಟಿಯನ್ನು ಮಾತ್ರ ಹುಡುಕಿಕೊಂಡು ಹೋಗಬೇಡಿ. ಹೆಸರುಗಳಿರುವ ಗಣತಿ ಕಾಗದ ನಮ್ಮ ದೇಶದಲ್ಲಿ ಸಾರ್ವಜನಿಕರಿಗೆ ತೆರೆಯುವುದಿಲ್ಲ.

ಬರದ ಕಥೆಯನ್ನು ಅರ್ಧ ನಂಬಿ. ದೊಡ್ಡ ಬರಗಳಿಗೆ ಆಯಸ್ಕಾಂತದ ಗುಣವಿದೆ. ಹಿಂದೆ ಮುಂದೆ ನಡೆದ ವಲಸೆಗಳೆಲ್ಲ ಅವಕ್ಕೆ ಅಂಟಿಕೊಳ್ಳುತ್ತವೆ. ಅದೂ ಅಲ್ಲದೆ ಈಶ್ವರ ಬರದಲ್ಲಿ ಮೈಸೂರು ಸೀಮೆಯೇ ಸತ್ತು ಸುಣ್ಣವಾಗಿತ್ತು: 1871ರ ಗಣತಿಯಲ್ಲಿ 50 ಲಕ್ಷ ದಾಟಿದ್ದ ಸಂಸ್ಥಾನದ ಜನಸಂಖ್ಯೆ 1881ರಲ್ಲಿ 42 ಲಕ್ಷದ ಆಸುಪಾಸಿಗೆ ಇಳಿದಿತ್ತು. ಹಸಿದವರು ಅನ್ನ ಹುಡುಕಿ ಅಂಥ ಸೀಮೆಗೆ ಬಂದರೆ? ಬರ ಮುಗಿದ ಮೇಲೆ ಒಡೆಯರಿಲ್ಲದೆ ಪಾಳುಬಿದ್ದ ಹೊಲ ಹಿಡಿಯಲು ಬಂದಿರುವುದು ಹೆಚ್ಚು ಸಹಜ. ಹಾಗಾದರೆ ವಲಸೆಯ ವರ್ಷ 1879ಕ್ಕೂ 1889ಕ್ಕೂ ನಡುವೆ. ಇದು ನನ್ನ ಊಹೆ. ನಿಮ್ಮ ಪುಸ್ತಕದಲ್ಲೂ ಊಹೆ ಎಂದೇ ಬರೆದುಕೊಳ್ಳಿ.

‘ರೋಣದ ಕಡೆ’ ಎಂಬ ಮಾತು ತುಂಬ ಸಡಿಲ. ರೋಣ ತಾಲ್ಲೂಕು ಬ್ರಿಟಿಷರ ಧಾರವಾಡ ಜಿಲ್ಲೆಯದು, ಗದಗ ಜಿಲ್ಲೆಗೆ ಸೇರಿದ್ದು 1997ರಲ್ಲಿ. ಆದರೆ ಪೂರ್ವಕ್ಕೆ ಸ್ವಲ್ಪ ಸರಿದರೆ ಯಲಬುರ್ಗಾ, ಅದು ನಿಜಾಮನ ರಾಜ್ಯ. ಅಲ್ಲಿಯ ಕಾಗದ ಉರ್ದುವಿನಲ್ಲಿ, ವರ್ಷ ಫಸಲಿ ಶಕೆಯಲ್ಲಿ (590 ಕೂಡಿಸಿದರೆ ಇಸವಿ). ನರಗುಂದ 1858ರವರೆಗೆ ಸ್ವಂತ ಸಂಸ್ಥಾನ. ಶಿರಹಟ್ಟಿ ಸಾಂಗ್ಲಿಯದು, ಲಕ್ಷ್ಮೇಶ್ವರ ಮಿರಜಿನದು, ಕುಂದಗೋಳ ಜಮಖಂಡಿಯದು. ಊರಿನ ಹೆಸರು ತಿಳಿಯದೆ ಧಾರವಾಡಕ್ಕೆ ಬಸ್ಸು ಹತ್ತಿದರೆ ಬಸ್ಸಿನ ಚಾರ್ಜು ದಂಡ.

ಊರು ಹಿಡಿಯುವ ದಾರಿ ಜವಳ. ಮಕ್ಕಳ ಜವಳ ತೆಗೆಸಲು ನಿಮ್ಮ ಮನೆಯವರು ಎಲ್ಲಿಗೆ ಹೋಗುತ್ತಾರೆ, ಮೊದಲು ಎಲ್ಲಿಗೆ ಹೋಗುತ್ತಿದ್ದರು? ಸವದತ್ತಿ ಎಲ್ಲಮ್ಮ, ಮೈಲಾರಲಿಂಗ, ಗೊಡಚಿ ವೀರಭದ್ರ ಎಂದರೆ ಉಪಯೋಗವಿಲ್ಲ, ಅವರಿಗೆ ನಾಡೆಲ್ಲ ಒಕ್ಕಲು. ಯಾರೂ ಕೇಳಿರದ ಒಂದು ಹಳ್ಳಿಯ ದೇವರ ಹೆಸರು ಬಂದರೆ ಅದೇ ನಿಮ್ಮ ಊರು, ಅಥವಾ ಅದರ ಕೂಗಳತೆಯ ಊರು.

ಆ ಹಳ್ಳಿಗೆ ಹೋದಾಗ ಹೆಳವರ ವಿಚಾರಿಸಿ. ಸುಗ್ಗಿ ಮುಗಿದ ಮೇಲೆ ಎತ್ತು, ಗಾಡಿಯೊಡನೆ ಮನೆ ಮನೆಗೆ ಬಂದು ವಂಶ ಹೊಗಳಿ ಕಾಳು, ಕಾಣಿಕೆ ಪಡೆಯುವ ಹೆಳವರಲ್ಲಿ ಯಾವ ಮನೆತನಕ್ಕೆ ಯಾರು ಎಂಬ ಹಂಚಿಕೆ ಇದೆ. ಹಾಡಿದ್ದನ್ನು ಕೇಳಿ ಖುಷಿಪಡಿ, ಆದರೆ ಪುಸ್ತಕ ತೆರೆಸಿ ಓದಿಸಿ. ಹಾಡಿನ ಮೊದಲ ಭಾಗ ಬೆಡಗಿಗೆಲ್ಲ ಸಾಮಾನ್ಯ. ನಿಮ್ಮ ಮನೆಗೆ ಸಂಬಂಧಿಸಿದ ಸಾಲು ಕೊನೆಯ ನಾಲ್ಕೈದು ತಲೆಮಾರಿನದು. ಊರು ಬಿಟ್ಟುಹೋದ ಕವಲು ಅಲ್ಲಿ ಬರೀ ಹೆಸರಾಗಿ ನಿಂತಿರುತ್ತದೆ, ಅದರ ಕೆಳಗೆ ಮಕ್ಕಳಿರುವುದಿಲ್ಲ. ಈರಪ್ಪನ ಕೆಳಗೆ ಹೀಗೆ ನಿಂತುಹೋದ ಒಬ್ಬ ಬಸಪ್ಪ ಇದ್ದರೆ, ಅವನ ಅಣ್ಣತಮ್ಮಂದಿರ ಹೆಸರನ್ನೂ ಬರೆದುಕೊಂಡು ಬಂದು ಹರಿಹರದ ಕಡೆಯ ಮಕ್ಕಳ ಹೆಸರಿನ ಜೊತೆ ಹೋಲಿಸಿ. ಆ ಊರಿನ ಕುಲಕರ್ಣಿ ಮನೆಯ ಹಳೆಯ ಕಾಗದ ಮೋಡಿ ಎಂಬ ಕೂಡುಬರಹದಲ್ಲಿದ್ದರೆ ಯಾವ ಮೋಡಿ ಎಂದು ಕೇಳಿಕೊಳ್ಳಿ. ಮರಾಠಿಯ ಮೋಡಿ ಓದುವವರಿಗೆ ಕನ್ನಡದ ಮೋಡಿ ಬಾರದು.

ಕೊನೆಗೆ ನಿಮ್ಮ ದಾಯಾದಿ ತಂದ ಒಂಬತ್ತು ತಲೆಮಾರು. ಆ ವೃಕ್ಷದ ಈರಪ್ಪನಿಗೂ ನಿಮ್ಮ ಈರಪ್ಪನಿಗೂ ಸದ್ಯಕ್ಕೆ ಸಮಾನವಾಗಿರುವುದು ಮೂರು ಅಕ್ಷರ ಮಾತ್ರ. ರೋಣ ಸೀಮೆಯಲ್ಲಿ ಈರಪ್ಪನಿಲ್ಲದ ಊರು ಇದೆಯೇ? ಜಗಳ ಬೇಡ, ಒಂದೇ ಪ್ರಶ್ನೆ ಕೇಳಿ: ‘ಈ ಈರಪ್ಪನಿಗೆ ಬಸಪ್ಪ ಎಂಬ ಮಗನಿದ್ದ, ಅವನು ಊರು ಬಿಟ್ಟ ಎಂದು ಬರೆದ ಪುಟದ ಫೋಟೊ ಕಳಿಸಿ.’ ಪುಟ ಬರುವವರೆಗೆ ನಿಮ್ಮ ಪ್ರತಿಯಲ್ಲಿ ಆ ಜೋಡಣೆ ಬಿಡಿಸಿಡಿ. ನಾಡಕಚೇರಿಯ ವಂಶವೃಕ್ಷ ಪತ್ರ ತಂದು ತೋರಿಸಿದರೂ ಇದೇ ಮಾತು. ಅದು ಅರ್ಜಿದಾರರ ಅಫಿಡವಿಟ್ಟು ಮತ್ತು ಊರಿನ ಮಹಜರಿನ ಮೇಲೆ ನಿಂತದ್ದು, ಬದುಕಿರುವ ವಾರಸುದಾರರಿಗೆ ಸರಿ, 1850ಕ್ಕೆ ಅಲ್ಲ. ಹಳೆಯ ಪತ್ರಗಳಲ್ಲಿ ಹೆಣ್ಣುಮಕ್ಕಳನ್ನೂ ಮಕ್ಕಳಿಲ್ಲದೆ ತೀರಿಕೊಂಡವರನ್ನೂ ಬಿಟ್ಟಿರುವುದು ಮಾಮೂಲು. ಕರ್ನಾಟಕದಲ್ಲಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟ ತಿದ್ದುಪಡಿ ಜಾರಿಗೆ ಬಂದದ್ದೇ 30-7-1994ರಂದು.

ನಿಮ್ಮ ನೋಟುಬುಕ್ಕಿನಲ್ಲಿ ಹಳೆಯ ತಪ್ಪನ್ನು ಅಳಿಸಬೇಡಿ, ಒಂದು ಗೆರೆ ಎಳೆದು ತಾರೀಖು ಹಾಕಿ, ಯಾಕೆ ಬಿಟ್ಟಿರಿ ಎಂದು ಪಕ್ಕದಲ್ಲಿ ಬರೆಯಿರಿ. ಸಿಗದೇ ಹೋದದ್ದನ್ನೂ ಬರೆಯಿರಿ: ಯಾವ ಕಚೇರಿ, ಯಾವ ಪುಸ್ತಕ, ಯಾವ ವರ್ಷದಿಂದ ಯಾವ ವರ್ಷ, ‘ಈ’ ಮತ್ತು ‘ವೀ’ ಎರಡರಲ್ಲೂ ನೋಡಿದಿರೋ ಇಲ್ಲವೋ. ಮೊದಲು ಉಪನೋಂದಣಿ ಕಚೇರಿಗೆ ಹೋಗಿ ಆ ಭೋಗ್ಯ ಪತ್ರದ ದೃಢೀಕೃತ ನಕಲು ಪಡೆಯಿರಿ, ‘ವಯಸ್ಸು ಸುಮಾರು’ ಎಂಬಲ್ಲಿ ಏನಿದೆ ನೋಡಿ. ರೋಣದ ಬಸ್ಸು ಆಮೇಲೆ.